ಕರಗಿದ ಬಾಬ್ತು

ಮಾದನಗೇರಿ ಕ್ರಾಸಿನಲ್ಲಿ ಬಸ್ಸಿಳಿದು
ಸುರುಳಿ ಸುತ್ತಿದ ಬಿಳಿ ಹಾಳೆ ಬಗಲಲ್ಲಿಟ್ಟು
ಆಗರದ ಕಟ್ಟೆ ಹಿಡಿದು ನಡೆದೆ.
ಸಂಘಕ್ಕೆ ಕಂಪ್ಯೂಟರ್ ಬರುವ ಮುಂಚೆ
ಕೆಲಸದ ನಕ್ಷೆ ಬೇಕಂತೆ. ಅದಕ್ಕೆ ನಾನು.

ಮೊದಲ ದಿನ ಸುಲಭ.
ನಡುವೆ ಒಂದೇ ವೃತ್ತ: ಉಪ್ಪಿನ ಸಂಘ.
ಸುತ್ತ ಚೌಕಗಳು: ಆಗರದ ಒಡೆಯರು, ಹುಬ್ಬಳ್ಳಿಯ ವ್ಯಾಪಾರಿ,
ಇಲಾಖೆ, ಲಾರಿ ಯೂನಿಯನ್ನು.
ಚೌಕದ ಒಳಗೆ ಏನು ನಡೆಯುತ್ತದೆಂದು
ನಾವು ಕೇಳುವಂತಿಲ್ಲ; ಅದು ನಮ್ಮ ಕಸುಬಿನ ಮರ್ಯಾದೆ.

ಲೆಕ್ಕಿಗ ವಾಮನ ಶಾನಭಾಗರು ಕನ್ನಡಕ ಎತ್ತಿ ನೋಡಿದರು:
'ಈ ಬಾಣದಲ್ಲಿ ಹೋಗೂದು ಉಪ್ಪೋ?'
ಉಪ್ಪಿನ ಸುದ್ದಿ, ಮಾಮ.
ಮೂಟೆ ಲಾರಿ ಹತ್ತಲಿ ಬಿಡಲಿ,
ಚೀಟಿ ಹೊರಟರೆ ನನಗೊಂದು ಗೆರೆ.

ಎರಡನೆಯ ದಿನ ವೃತ್ತ ಒಡೆದು ಒಳಗೆ ಇಣುಕಿದೆ.
ಹೆಡಗೆ ಎಣಿಸುವುದು. ತೂಕ ಬರೆಯುವುದು. ಮಜೂರಿ ಕಟ್ಟುವುದು.
ಎರಡೆರಡು ಗೆರೆಗಳ ನಡುವೆ ಮಲಗಿದ ಪುಸ್ತಕಗಳು,
ಒಂದು ಬದಿ ಬಾಯಿ ತೆರೆದೇ.
ಪುಸ್ತಕ ಪುಸ್ತಕದೊಡನೆ ತಾನಾಗಿ ಮಾತಾಡದು,
ನಡುವೆ ಒಂದು ವೃತ್ತ ಬೇಕು, ಅಂದರೆ ಒಂದು ಕೈ.
ಆ ನಿಯಮ ಮಾಡಿದವನು
ಶಾನಭಾಗರ ಕೈ ಕಂಡಿರಲಾರ:
ಉಪ್ಪುಗಾಳಿಗೆ ಬಿರಿದ ಬೆರಳು, ಉಗುರಲ್ಲಿ ನೀಲಿ ಶಾಯಿ.

ಮೂರನೆಯ ದಿನ, ಊಟದ ಹೊತ್ತಿಗೆ, ಸಿಕ್ಕಿತು.
ದಾಸ್ತಾನು ಬುಕ್ಕಿನ ಏಳನೆಯ ಕಾಲಂ:
ಮಳೆಗೆ ಕರಗಿದ ಬಾಬ್ತು, ನೂರಕ್ಕೆ ಎಂಟು.
ಮೇ ತಿಂಗಳಲ್ಲೇ ಆಕಾಶ ಹರಿದು ಬಿದ್ದ ವರ್ಷ ಎಂಟು.
ಜೂನಿಡೀ ಬೆವರಿ ಕಾದ ವರ್ಷವೂ ಎಂಟು.
ಎಂಟರ ಬಾಲ ಹಿಡಿದು ಹಿಂದೆ ಹಿಂದೆ ಹೋದೆ:
ಒಳಗೆ ಬರುವ ಬಾಣವೇ ಇಲ್ಲ.
ಕಾಳು ಮುಟ್ಟದೆ
ದಿನಾ ಮೊಟ್ಟೆಯಿಡುವ ಕೋಳಿ.

'ಇದು ಎಲ್ಲಿಂದ ಬರ್ತದೆ ಮಾಮ?'
ಅವರು ಹಳೆಯ ಪುಸ್ತಕ ಇಳಿಸಿ ಧೂಳು ಊದಿದರು.
ಅವರ ಅಕ್ಷರ ಮುಗಿದು ಇನ್ನಾರದೋ ಮೋಡಿ ಅಕ್ಷರ ಶುರುವಾಯಿತು.
ಅಲ್ಲೂ ಎಂಟು.
'ನಾ ಬರೂವಾಗಲೇ ಇತ್ತು' ಅಂದರು,
'ಬಾಗಿಲ ಮೇಲಿನ ಗಣಪತಿ ಪಟದ ಹಾಗೆ.'
ಆ ಮುಖದಲ್ಲಿ ಕಳ್ಳತನ ಹುಡುಕಿದೆ, ಸಿಗಲಿಲ್ಲ.
ನಲವತ್ತು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೆ.

ರಾಶಿಗೆ ಮಡಲು ಹೊದೆಸುತ್ತಿದ್ದ ಹೊನ್ನಮ್ಮ ಆಗೇರ
ಎಲ್ಲ ಕೇಳಿಸಿಕೊಂಡಿದ್ದಳು.
ಸೆರಗಿಗೆ ಕೈ ಒರೆಸಿ ಕರೆದೊಯ್ದಳು
ಗುದಾಮಿನ ಹಿಂಬಾಗಿಲಿಗೆ.
ಹಲಗೆ ತುಂಬ ಇದ್ದಿಲ ಗೀಟು,
ಅಲ್ಲಲ್ಲಿ ಹೆಬ್ಬೆರಳಲ್ಲಿ ಒತ್ತಿದ ಕೆಮ್ಮಣ್ಣು.
ಗೀಟೆಂದರೆ ನೀರಾದ ಹೆಡಗೆ.
ಕೆಮ್ಮಣ್ಣು, ಮಡಲು ಹಾರಿಹೋದ ರಾತ್ರಿ.
'ಯಾರಿಗಾದ್ರೂ ಹೇಳಿದ್ಯಾ?'
'ಯಾರ್ ಕೇಳಿದ್ರು?'

ಎಣಿಸಿದೆ. ಒಂದು ವರ್ಷ ನೂರಕ್ಕೆ ಮೂರು,
ಇನ್ನೊಂದು ವರ್ಷ ಹದಿನಾಲ್ಕು.
ಮೂರರ ವರ್ಷವೂ ಎಂಟು ಮುರಿದೇ
ಅವಳ ಇನಾಮು ಕೊಟ್ಟಿದ್ದರು.
ಹದಿನಾಲ್ಕರ ವರ್ಷ ಉಳಿದ ಆರನ್ನು
ಯಾರ ತಲೆಗೆ ಕಟ್ಟಿದರೋ, ನನ್ನ ನಕ್ಷೆಗೆ ಗೊತ್ತಿಲ್ಲ.

ಹೊನ್ನಮ್ಮ ಹಾಳೆಯ ಮೇಲೆ ಬಗ್ಗಿದಳು.
'ಸಮುದ್ರ ಎಲ್ಲಿ ತಂಗೀ ಇದರಾಗೆ?'
ಅದು ಹೊರಗೆ, ಎಂದೆ. ಅದಕ್ಕೆ ಚೌಕ ಕೂಡ ಹಾಕಿರಲಿಲ್ಲ.
'ಹೊರಗಾ? ಮೊನ್ನೆ ಹುಣ್ಣಿಮೆ ಭರತಕ್ಕೆ
ಜಂತ್ರಡಿ ಒಡ್ಕಂಡು ಒಳಗೇ ಬಂದಿತ್ತಲೆ.'

ಶುಕ್ರವಾರ ಮೀಟಿಂಗು. ಹಾಳೆ ಗೋಡೆಗೆ ಅಂಟಿಸಿದೆ.
ನಾಲ್ಕನೆಯ ದಾಸ್ತಾನು: ಎರಡು ಗೆರೆ,
ನಡುವೆ ಹೆಸರು, ಹಿಂಬಾಗಿಲು.
ಕಾರ್ಯದರ್ಶಿ ನಕ್ಕರು: 'ಬಾಗಿಲನ್ನು
ಕಂಪ್ಯೂಟರಿಗೆ ಹಾಕಲಿಕ್ಕೆ ಬರ್ತದಾ?'
ಶಾನಭಾಗರು ಪೆನ್ನಿನ ಟೋಪಿ ತೆಗೆದರು, ಹಾಕಿದರು, ತೆಗೆದರು.
ಎದ್ದು ಹೋಗಿ ಎಂಟರ ಪಕ್ಕ
ಸಣ್ಣಗೆ ಒಂದು ಪ್ರಶ್ನೆಚಿಹ್ನೆ ಬರೆದು
ಬಂದು ಕೂತರು.

ಚಹ ಬಂತು. ಯಾರೋ ಲಾರಿ ಬಾಡಿಗೆಯ ಮಾತು ತೆಗೆದರು.
ಹಾಳೆಯ ಪಡುವಣ ಅಂಚು, ನಾನು ಖಾಲಿ ಬಿಟ್ಟಿದ್ದು,
ಗಾಳಿಯ ಉಪ್ಪು ಹೀರಿ
ಮೆಲ್ಲಗೆ ಮೆತ್ತಗಾಗುತ್ತಿತ್ತು.